ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್‌ನಲ್ಲಿ ಒಂದೇ ಮಾಹಿತಿ ಎರಡು ಟೇಬಲ್‌ಗಳಲ್ಲಿದ್ದರೆ

ಗ್ರಾಹಕರ ಫೋನ್ ನಂಬರ್ ಗ್ರಾಹಕರ ಟೇಬಲ್‌ನಲ್ಲೂ ಆರ್ಡರ್ ಟೇಬಲ್‌ನಲ್ಲೂ ಇದ್ದರೆ, ಒಂದಲ್ಲ ಒಂದು ದಿನ ಎರಡಕ್ಕೂ ತಾಳೆಯಾಗುವುದಿಲ್ಲ. ನಕಲನ್ನೇ ತೆಗೆಯುವುದು ಮೊದಲ ಮದ್ದು: ಆರ್ಡರ್‌ನಲ್ಲಿ ಗ್ರಾಹಕರ ಐಡಿ ಮಾತ್ರ ಇಟ್ಟು, ನಂಬರನ್ನು ಕ್ವೆರಿಯಲ್ಲಿ (ಟೇಬಲ್‌ಗಳಿಂದ ಮಾಹಿತಿ ಹೆಕ್ಕುವ ಆಜ್ಞೆ) ಜಾಯಿನ್ ಮಾಡಿ, ಅಂದರೆ ಎರಡೂ ಟೇಬಲ್‌ಗಳನ್ನು ಐಡಿಯಿಂದ ಜೋಡಿಸಿ, ತನ್ನಿ. ಮಾರಿದ ದಿನದ ಬೆಲೆಯ ಮಾತೇ ಬೇರೆ. ಅದು ನಕಲಲ್ಲ, ದಾಖಲೆ. ಅದನ್ನು ಎಂದೂ ಸಿಂಕ್ ಮಾಡಬೇಡಿ.

ನಕಲು ಇರಲೇಬೇಕೆಂದರೆ, 2010ರ ಆವೃತ್ತಿಯಿಂದ ಬಂದ ಡೇಟಾ ಮ್ಯಾಕ್ರೋ (ಟೇಬಲ್‌ನ ಮಾಹಿತಿ ಬದಲಾದಾಗ ತಾನಾಗಿ ಓಡುವ ಆಜ್ಞೆಗಳು) ಬಳಸಿ. ಗ್ರಾಹಕರ ಟೇಬಲ್ ತೆರೆದು 'ಆಫ್ಟರ್ ಅಪ್‌ಡೇಟ್' ಆರಿಸಿ. ಫೋನ್ ಫೀಲ್ಡ್ (ಕಾಲಂ) ಬದಲಾಗಿದೆಯೇ ಎಂದು 'ಅಪ್‌ಡೇಟೆಡ್' ಫಂಕ್ಷನ್‌ನಿಂದ ನೋಡಿ. ಐಡಿ, ಹೊಸ ನಂಬರ್ ಎರಡನ್ನೂ ಲೋಕಲ್ ವೇರಿಯೇಬಲ್‌ಗಳಲ್ಲಿ (ಮ್ಯಾಕ್ರೋದೊಳಗಿನ ತಾತ್ಕಾಲಿಕ ಜಾಗ) ಹಿಡಿದಿಟ್ಟು, ಆರ್ಡರ್ ಟೇಬಲ್‌ನ ಆ ಐಡಿಯ ಸಾಲುಗಳಿಗೆ 'ಫಾರ್ ಈಚ್ ರೆಕಾರ್ಡ್', ಅದರ ಒಳಗೆ 'ಎಡಿಟ್ ರೆಕಾರ್ಡ್', ಅದರೊಳಗೆ 'ಸೆಟ್ ಫೀಲ್ಡ್' ಹಾಕಿ. ಫಾರ್ಮ್‌ನಲ್ಲಿ ಬರೆದ ಕೋಡ್ ಸಾಲದು: ಯಾರಾದರೂ ಟೇಬಲ್‌ನಲ್ಲೇ ನೇರವಾಗಿ ತಿದ್ದಿದರೆ ಅದು ಓಡುವುದೇ ಇಲ್ಲ. ಒಂದು ಟೇಬಲ್‌ನ ಬದಲಾವಣೆಯನ್ನು ಇನ್ನೊಂದಕ್ಕೆ ತಲುಪಿಸುವ 'ಕ್ಯಾಸ್ಕೇಡ್ ಅಪ್‌ಡೇಟ್' ಕೂಡ ಟೇಬಲ್‌ಗಳ ಸಂಬಂಧ ಕಟ್ಟಿದ ಕೀ ಫೀಲ್ಡ್‌ಗಷ್ಟೇ (ಇಲ್ಲಿ ಐಡಿ), ಫೋನ್ ನಂಬರ್‌ಗಲ್ಲ.

ಮ್ಯಾಕ್ರೋ ಹಳೆಯ ವ್ಯತ್ಯಾಸಗಳನ್ನು ಸರಿಪಡಿಸದು. ಬ್ಯಾಕಪ್ ತೆಗೆದು, ಎರಡು ನಂಬರ್‌ಗಳು ಸಮವಲ್ಲದ ಸಾಲುಗಳನ್ನು ತಿದ್ದಲು ಒಮ್ಮೆ ಅಪ್‌ಡೇಟ್ ಕ್ವೆರಿ ಓಡಿಸಿ. ಇಲ್ಲೊಂದು ಹಳ್ಳವಿದೆ: ಒಂದು ಬದಿ ನಲ್ (ಯಾವ ಮೌಲ್ಯವೂ ಇಲ್ಲದ್ದು) ಆಗಿದ್ದರೆ 'ಸಮವಲ್ಲ' ಎಂಬ ಷರತ್ತು ನಿಜವಾಗುವುದಿಲ್ಲ, ಆ ಸಾಲು ಸದ್ದಿಲ್ಲದೆ ತಪ್ಪಿಸಿಕೊಳ್ಳುತ್ತದೆ. ಎರಡೂ ಫೀಲ್ಡ್‌ಗಳನ್ನು 'ಎನ್‌ಜಡ್' (Nz) ಫಂಕ್ಷನ್‌ನಲ್ಲಿಟ್ಟು, ನಲ್ ಬದಲು ಖಾಲಿ ಪಠ್ಯ ಕೊಟ್ಟು ಹೋಲಿಸಿ.