ಬಾಗಿಲ ಹೊರಗಿನ ಶಿಲ್ಪ

ಭಾರತದಿಂದ ಮ್ಯಾಡ್ರಿಡ್‌ಗೆ ಬರುವ ಪ್ರವಾಸಿ ತಂಡಗಳಿಗೆ ಊರು ತೋರಿಸುವುದು ನನ್ನ ಕೆಲಸ. ರೇನಾ ಸೋಫಿಯಾ ವಸ್ತುಸಂಗ್ರಹಾಲಯಕ್ಕೆ ನಮಗಿರುವುದು ಒಂದೂವರೆ ಗಂಟೆ, ಅದರಲ್ಲಿ ಹೆಚ್ಚಿನ ಪಾಲು ಪಿಕಾಸೊನ ‘ಗೆರ್ನಿಕಾ’ ಚಿತ್ರಕ್ಕೇ ಹೋಗುವುದರಿಂದ, ಹೊರಗಿನ ಅಂಗಳದಲ್ಲಿರುವ ಎತ್ತರದ ಶಿಲ್ಪದ ಬುಡವನ್ನು ನಾನು ವರ್ಷಗಟ್ಟಲೆ ತಂಡದವರ ತಲೆ ಎಣಿಸುವುದಕ್ಕಷ್ಟೇ ಬಳಸಿದ್ದೆ. ಒಮ್ಮೆ ಮಂಡ್ಯದ ಕಡೆಯ ಹಿರಿಯರೊಬ್ಬರು ಅಲ್ಲೇ ನಿಂತು, “ಇದರ ಮೈಮೇಲೆ ನೇಗಿಲ ಸಾಲು ಹೊಡೆದ ಹಾಗಿದೆಯಲ್ಲಮ್ಮ, ಮಾಡಿದವರು ಯಾರು?” ಎಂದು ಕೇಳಿದರು. “ಅಲಂಕಾರಕ್ಕೆ ನಿಲ್ಲಿಸಿದ್ದು ಸಾರ್, ಒಳಗೆ ಬನ್ನಿ” ಎಂದುಬಿಟ್ಟೆ.

ಆ ಉತ್ತರ ರಾತ್ರಿಯೆಲ್ಲ ಕೊರೆಯಿತು. ಮರುದಿನ ಗ್ರಂಥಾಲಯದಲ್ಲಿ, ಇದೇ ಸಂಗ್ರಹಾಲಯ 2001ರಲ್ಲಿ ಏರ್ಪಡಿಸಿದ್ದ, ಈ ಶಿಲ್ಪಿಯ ಕೃತಿಗಳ ಸಮಗ್ರ ಪ್ರದರ್ಶನದ ಪುಸ್ತಕ ಸಿಕ್ಕಿತು. ಶಿಲ್ಪಿಯ ಹೆಸರು ಆಲ್ಬೆರ್ತೊ ಸಾಂಚೆಸ್. 1895ರಲ್ಲಿ ತೊಲೆದೊದಲ್ಲಿ ಹುಟ್ಟಿ, ಬೇಕರಿಯಲ್ಲಿ ರೊಟ್ಟಿ ಸುಟ್ಟು ಬದುಕಿದವರು, ಮ್ಯಾಡ್ರಿಡ್ ಅಂಚಿನ ವಯ್ಯೇಕಾಸ್‌ನ ಒಣ ಹೊಲಗಳಲ್ಲಿ ಅಲೆದು ಆ ನೆಲದ ಗೆರೆಗಳನ್ನೇ ಶಿಲ್ಪಕ್ಕೆ ತಂದವರು. ಹಿರಿಯರ ಕಣ್ಣಿಗೆ ಸಾಲು ಕಂಡದ್ದರಲ್ಲಿ ಆಶ್ಚರ್ಯವೇನಿದೆ!

1937ರ ಪ್ಯಾರಿಸ್ ಅಂತರರಾಷ್ಟ್ರೀಯ ಮೇಳದಲ್ಲಿ ಸ್ಪೇನ್ ಗಣರಾಜ್ಯದ ಮಂಟಪದ ಹೊರಗೆ ನಿಂತಿದ್ದದ್ದು ಈ ಶಿಲ್ಪದ ಮೂಲ. ಎತ್ತರ ಸುಮಾರು ಹನ್ನೆರಡೂವರೆ ಮೀಟರ್, ತುದಿಯಲ್ಲಿ ನಕ್ಷತ್ರ, ಹೆಸರು ‘ಸ್ಪೇನಿನ ಜನರಿಗೆ ನಕ್ಷತ್ರದತ್ತ ಒಯ್ಯುವ ದಾರಿಯೊಂದಿದೆ’. ಒಳಗಿದ್ದದ್ದು ಗೆರ್ನಿಕಾ. ಮೇಳ ಮುಗಿದ ಮೇಲೆ ಚಿತ್ರ ದೇಶ ಸುತ್ತಿ ಲೋಕಪ್ರಸಿದ್ಧವಾಯಿತು, ಶಿಲ್ಪ ಕಳೆದೇ ಹೋಯಿತು. ಈಗ ಅಂಗಳದಲ್ಲಿರುವುದು ಅದರ ಪ್ರತಿಕೃತಿ.

ಶಿಲ್ಪಿಯೂ ಹೀಗೆಯೇ ಮರೆಯಾದರು. ಅಂತರ್ಯುದ್ಧದಿಂದ ಪಾರುಮಾಡಿ ಸೋವಿಯತ್ ಒಕ್ಕೂಟಕ್ಕೆ ಕಳುಹಿಸಿದ್ದ ಸ್ಪೇನಿನ ಮಕ್ಕಳಿಗೆ ಚಿತ್ರಕಲೆ ಕಲಿಸಲು 1938ರಲ್ಲಿ ಮಾಸ್ಕೋಗೆ ಹೋದವರು ಮರಳಿ ಬರಲಿಲ್ಲ. ಅಲ್ಲಿ ರಂಗಸಜ್ಜಿಕೆ ಮಾಡಿ ಹೊಟ್ಟೆ ಹೊರೆದರು, ಬಹುಕಾಲ ಶಿಲ್ಪಕ್ಕೆ ಕೈ ಹಚ್ಚಲೇ ಇಲ್ಲ. ಸೋವಿಯತ್ ನಿರ್ದೇಶಕ ಕೊಜಿಂತ್ಸೆವ್ 1957ರಲ್ಲಿ ತೆರೆಗೆ ತಂದ ‘ಡಾನ್ ಕ್ವಿಕ್ಸೋಟ್’ಗೆ ಆ ಕಥೆ ನಡೆಯುವ ಸ್ಪೇನಿನ ಲಾ ಮಾಂಚಾದ ಬಯಲನ್ನು ದೂರದ ನೆಲದಲ್ಲಿ ಕಟ್ಟಿಕೊಟ್ಟವರಲ್ಲಿ ಅವರೂ ಒಬ್ಬರು. 1962ರಲ್ಲಿ ಮಾಸ್ಕೋದಲ್ಲೇ ತೀರಿಕೊಂಡರು.

ಈಗ ತಲೆ ಎಣಿಸುವುದನ್ನು ಬಸ್ಸಿನಲ್ಲೇ ಮುಗಿಸುತ್ತೇನೆ. ಅಂಗಳದಲ್ಲಿ ಹತ್ತು ನಿಮಿಷ ನಿಂತು ಮೊದಲು ಸಾಲುಗಳನ್ನು ನೋಡಿ ಎನ್ನುತ್ತೇನೆ, ಹೆಸರು ಆಮೇಲೆ ಹೇಳುತ್ತೇನೆ. ಆ ಹತ್ತು ನಿಮಿಷವನ್ನು ಉಡುಗೊರೆ ಅಂಗಡಿಯ ಪಾಲಿನಿಂದ ಕತ್ತರಿಸಿರುವುದರಿಂದ ಒಂದಿಬ್ಬರಾದರೂ ಪ್ರತಿ ಬಾರಿ ಗೊಣಗುತ್ತಾರೆ.