ಮೂರನೆಯವಳಿಗೆ ಅದನ್ನು ಹೇಳಿದವರು ಯಾರು?

ಮಂಗಳವಾರ ಸಂಜೆ ಕೇಳಿದ ಒಂದು ಪ್ರಶ್ನೆ ಈ ವಾರವೆಲ್ಲ ನನ್ನ ಬೆನ್ನು ಬಿಟ್ಟಿಲ್ಲ. ಅಮೆರಿಕದ ಫಿಗರ್ ಸ್ಕೇಟಿಂಗ್ ಋತುವನ್ನು ನಾನು ಅನೇಕ ವರ್ಷಗಳಿಂದ ತಪ್ಪದೆ ಅನುಸರಿಸುತ್ತಿದ್ದೇನೆ. ಪ್ರತಿ ವರ್ಷ ದೊಡ್ಡ ಹಾಳೆಯೊಂದರ ಮೇಲೆ ಆ ಋತುವಿನ ಪಟ್ಟಿಯನ್ನು ಕೈಯಿಂದಲೇ ಗೆರೆ ಎಳೆದು ಸಿದ್ಧಪಡಿಸುವುದು ನನಗೆ ರೂಢಿಯಾಗಿದೆ. ಈ ಸಲ ಗೆರೆ ಎಳೆಯಲು ಹನ್ನೊಂದು ವರ್ಷದ ನನ್ನ ತಂಗಿಯ ಮಗಳೂ ಜೊತೆಗೆ ಕುಳಿತಿದ್ದಳು. ಹಳೆಯ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಾ 2014ರದಕ್ಕೆ ಬಂದಾಗ ಅವಳ ಬೆರಳು ನಿಂತಿತು. ಮಹಿಳೆಯರ ವಿಭಾಗದ ಮೂರನೆಯ ಹೆಸರಿನ ಮುಂದೆ ನಾನು ಏನನ್ನೂ ಬರೆದಿರಲಿಲ್ಲ. ನಾಲ್ಕನೆಯ ಹೆಸರಿನ ಮುಂದೆ ಆ ವರ್ಷ ಒಲಿಂಪಿಕ್ಸ್ ನಡೆದ ಊರಿನ ಹೆಸರು, 'ಸೋಚಿ' ಎಂದು ಬರೆದಿದ್ದೆ. ತಪ್ಪಾಗಿದೆಯೇ ಎಂದು ಅವಳು ಕೇಳಿದಳು. ತಪ್ಪಲ್ಲ, ಆಯ್ಕೆ ಸಮಿತಿ ಮೂರನೆಯವಳನ್ನು ಬಿಟ್ಟು ನಾಲ್ಕನೆಯವಳನ್ನು ಒಲಿಂಪಿಕ್ಸ್‌ಗೆ ಕಳುಹಿಸಿತು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡಮ್ಮ, ಆ ಮೂರನೆಯವಳಿಗೆ ಅದನ್ನು ಹೇಳಿದವರು ಯಾರು?" ಎಂದಳು.

ಸಮಿತಿ ಹಾಗೇಕೆ ಮಾಡಿತು ಎಂದು ಕೇಳಿದ್ದರೆ ನನ್ನಲ್ಲಿ ಉತ್ತರವಿತ್ತು. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಆ ಉತ್ತರವನ್ನು ಯಾರು ಕೇಳಿದರೂ ಹೇಳುತ್ತಾ ಬಂದಿದ್ದೇನೆ. ಹೇಳಿದವರು ಯಾರು ಎಂದು ಮಾತ್ರ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಆ ಮೂರನೆಯವಳು ಮಿರಾಯ್ ನಗಾಸು. 2008ರಲ್ಲಿ, ಹದಿನಾಲ್ಕನೆಯ ವಯಸ್ಸಿಗೇ ರಾಷ್ಟ್ರೀಯ ಚಾಂಪಿಯನ್ ಆಗಿದ್ದವಳು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದವಳು. 2014ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಗ್ರೇಸಿ ಗೋಲ್ಡ್ ಮೊದಲನೆಯವಳಾಗಿ, ಪೊಲಿನಾ ಎಡ್ಮಂಡ್ಸ್ ಎರಡನೆಯವಳಾಗಿ, ನಗಾಸು ಮೂರನೆಯವಳಾಗಿ ಬಂದರು. ಅದಕ್ಕೆ ಹಿಂದಿನ ಎರಡು ವರ್ಷವೂ ಚಾಂಪಿಯನ್ ಆಗಿದ್ದ ಆಶ್ಲಿ ವ್ಯಾಗ್ನರ್ ಸ್ಪರ್ಧೆಯ ಎರಡನೆಯ, ದೀರ್ಘ ಸುತ್ತಾದ ಫ್ರೀ ಸ್ಕೇಟ್‌ನಲ್ಲಿ ಎರಡು ಸಲ ಬಿದ್ದು, ನಗಾಸುಗಿಂತ ಸುಮಾರು 8 ಅಂಕ ಹಿಂದುಳಿದು ನಾಲ್ಕನೆಯ ಸ್ಥಾನಕ್ಕೆ ಇಳಿದಳು. ಈ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೆಯವರಿಗೂ ಪ್ಯೂಟರ್ ಲೋಹದ ಪದಕವುಂಟು, ಆದ್ದರಿಂದ ನಾಲ್ವರೂ ಒಂದೇ ವೇದಿಕೆಯ ಮೇಲೆ ನಿಂತರು. ಮರುದಿನ ತಂಡದ ಹೆಸರುಗಳು ಹೊರಬಿದ್ದವು: ಗೋಲ್ಡ್, ಎಡ್ಮಂಡ್ಸ್, ವ್ಯಾಗ್ನರ್.

ಅಂದು ನಾನು ಸಮಿತಿಯ ಪರವಾಗಿದ್ದೆ. ಅದಕ್ಕೆ ಕಾರಣ ಈ ಹಾಳೆಗಳೇ. ಫಿಗರ್ ಸ್ಕೇಟಿಂಗ್‌ನಲ್ಲಿ ಋತು ಜುಲೈ 1ಕ್ಕೆ ಆರಂಭವಾಗುತ್ತದೆ. ಗ್ರ್ಯಾನ್ ಪ್ರಿ ಎಂಬ ಅಂತರರಾಷ್ಟ್ರೀಯ ಸರಣಿಯ ಸ್ಪರ್ಧೆಗಳಲ್ಲಿ ಯಾರಿಗೆ ಯಾವುದು ಎಂಬ ಹಂಚಿಕೆ ಅದಕ್ಕಿಂತ ಮೊದಲೇ ತಿಳಿದಿರುತ್ತದೆ. ಬೇಸಿಗೆಯಲ್ಲಿ ಸಂಗೀತವನ್ನು ಆರಿಸಿ ಹೊಸ ಪ್ರೋಗ್ರಾಂ ಕಟ್ಟುತ್ತಾರೆ, ಆಗಸ್ಟ್–ಸೆಪ್ಟೆಂಬರ್‌ನ ಸಣ್ಣ ಸ್ಪರ್ಧೆಗಳಲ್ಲಿ ಅದನ್ನು ಪರೀಕ್ಷಿಸುತ್ತಾರೆ, ಅಕ್ಟೋಬರ್‌ನಿಂದ ಆರು ಗ್ರ್ಯಾನ್ ಪ್ರಿ ಸ್ಪರ್ಧೆಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ಒಬ್ಬರಿಗೆ ಹೆಚ್ಚೆಂದರೆ ಎರಡು ಸಿಗುತ್ತವೆ. ಅವುಗಳ ಫಲಿತಾಂಶದಿಂದ ಪ್ರತಿ ವಿಭಾಗದಲ್ಲಿ ಆರು ಮಂದಿ ಡಿಸೆಂಬರ್‌ನ ಫೈನಲ್‌ಗೆ ಹೋಗುತ್ತಾರೆ. ಆಮೇಲೆ ಜನವರಿಯ ರಾಷ್ಟ್ರೀಯ ಚಾಂಪಿಯನ್‌ಷಿಪ್, ಮಾರ್ಚ್‌ನ ವಿಶ್ವ ಚಾಂಪಿಯನ್‌ಷಿಪ್. ಯಾವ ಜಂಪನ್ನು ಯಾವ ತಿಂಗಳಲ್ಲಿ ಸೇರಿಸಬೇಕು, ಮೈ ಪೂರ್ತಿ ಹದಕ್ಕೆ ಬರುವುದು ಯಾವ ವಾರದಲ್ಲಿ ಆಗಬೇಕು ಎಂಬುದನ್ನೆಲ್ಲ ತರಬೇತುದಾರರು ಹಿಂದಿನ ವಸಂತದಲ್ಲಿಯೇ ಲೆಕ್ಕ ಹಾಕಿರುತ್ತಾರೆ. ಇಷ್ಟು ಉದ್ದದ ಒಂದು ಬೇಸಾಯವನ್ನು ನಾಲ್ಕು ನಿಮಿಷದ ಒಂದು ಫ್ರೀ ಸ್ಕೇಟ್‌ನಿಂದ ಅಳೆಯುವುದು ನ್ಯಾಯವಲ್ಲ ಎಂಬುದು ನನ್ನ ವಾದವಾಗಿತ್ತು. ಅದೂ ಅಲ್ಲದೆ, ರಾಷ್ಟ್ರೀಯ ಸ್ಪರ್ಧೆಯ ಅಂಕಗಳನ್ನು ಅಂತರರಾಷ್ಟ್ರೀಯ ಒಕ್ಕೂಟ ತನ್ನ ದಾಖಲೆಗೆ ತೆಗೆದುಕೊಳ್ಳುವುದಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ಗೆ ಬೇಕಾದ ಕನಿಷ್ಠ ತಾಂತ್ರಿಕ ಅಂಕವನ್ನು ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿಯೇ ಗಳಿಸಿರಬೇಕು. ಮನೆಯಂಗಳದಲ್ಲಿ ಎಷ್ಟು ಚೆನ್ನಾಗಿ ಆಡಿದರೂ ಹೊರಗಿನ ಲೆಕ್ಕವೇ ಬೇರೆ. ಬಾಸ್ಟನ್‌ಗೆ ಬರುವ ಮುನ್ನ ಡಿಸೆಂಬರ್‌ನ ಗ್ರ್ಯಾನ್ ಪ್ರಿ ಫೈನಲ್‌ನಲ್ಲಿ ವ್ಯಾಗ್ನರ್ ಕಂಚು ಗೆದ್ದಿದ್ದಳು.

ತಂಗಿಯ ಗಂಡ ಇದನ್ನು ಎಂದೂ ಒಪ್ಪಿಲ್ಲ. ಅಮೆರಿಕದ್ದೇ ಅಥ್ಲೆಟಿಕ್ಸ್ ಆಯ್ಕೆ ಸ್ಪರ್ಧೆಯಲ್ಲಿ ಅರ್ಹತಾ ಮಟ್ಟ ಮುಟ್ಟಿರುವ ಮೊದಲ ಮೂವರು ಹೋಗುತ್ತಾರೆ, ನಾಲ್ಕನೆಯವರು ವಿಶ್ವದಾಖಲೆ ಹೊಂದಿದ್ದರೂ ಮನೆಯಲ್ಲಿಯೇ ಉಳಿಯುತ್ತಾರೆ, ಆಟವೆಂದರೆ ಹಾಗಿರಬೇಕು ಎಂಬುದು ಅವನ ಮಾತು. ಅವನು ಸ್ಕೇಟಿಂಗ್ ನೋಡುವುದು ವರ್ಷಕ್ಕೆ ಒಂದೆರಡು ಗಂಟೆ ಮಾತ್ರ. ಆದರೂ ಅವನ ವಾದದಲ್ಲಿರುವ ಸರಳತೆಯನ್ನು ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಮಗಳ ಪ್ರಶ್ನೆ ಅವನ ವಾದಕ್ಕೂ ಸೇರಿದ್ದಲ್ಲ, ನನ್ನ ವಾದಕ್ಕೂ ಸೇರಿದ್ದಲ್ಲ. ಆಯ್ಕೆ ಸರಿಯೋ ತಪ್ಪೋ ಎಂದು ಅವಳು ಕೇಳಿರಲಿಲ್ಲ. ಒಂದು ಕೋಣೆಯಲ್ಲಿ ಒಬ್ಬ ಮನುಷ್ಯರು ಇನ್ನೊಬ್ಬ ಮನುಷ್ಯಳ ಮುಖ ನೋಡಿ ಆ ಮಾತನ್ನು ಆಡಿರಬೇಕಲ್ಲವೇ, ಅವರು ಯಾರು ಎಂದು ಕೇಳಿದ್ದಳು.

ಅಂದು ರಾತ್ರಿ ಅವಳು ಮಲಗಿದ ಮೇಲೆ ಹಾಳೆಗಳನ್ನು ಮತ್ತೆ ಹರಡಿಕೊಂಡು ಕುಳಿತೆ. ಸಮಿತಿಯನ್ನು ಸಮರ್ಥಿಸುವ ಸಾಕ್ಷ್ಯಗಳು ಸಾಲಾಗಿ ಕಂಡವು. ತೀರ ಇತ್ತೀಚಿನದು 2025ರದು: ಗಾಯದಿಂದಾಗಿ ಇಸಬೊ ಲೆವಿಟೊ ವಿಚಿಟಾದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಆಡಲೇ ಇಲ್ಲ, ಆದರೂ ಅವಳನ್ನು ವಿಶ್ವ ಚಾಂಪಿಯನ್‌ಷಿಪ್ ತಂಡಕ್ಕೆ ಸೇರಿಸಿಕೊಂಡರು, ಅವಳು ಅಲ್ಲಿ ನಾಲ್ಕನೆಯವಳಾದಳು, ನಿವೃತ್ತಿಯಿಂದ ಮರಳಿ ಬಂದಿದ್ದ ಅಲಿಸಾ ಲಿಯು ಚಿನ್ನ ಗೆದ್ದಳು. 1994ರಲ್ಲಿ ದಾಳಿಗೆ ತುತ್ತಾಗಿ ಮೊಣಕಾಲಿಗೆ ಪೆಟ್ಟುಬಿದ್ದು ಆಡಲಾಗದೆ ಉಳಿದ ನ್ಯಾನ್ಸಿ ಕೆರಿಗನ್‌ಗಾಗಿ, ಎರಡನೆಯವಳಾಗಿ ಬಂದಿದ್ದ ಹದಿಮೂರು ವರ್ಷದ ಮಿಶೆಲ್ ಕ್ವಾನ್ ಬದಲಿ ಆಟಗಾರ್ತಿಯಾಗಿ ಉಳಿಯಬೇಕಾಯಿತು. ಕೆರಿಗನ್ ಬೆಳ್ಳಿ ತಂದಳು. ಆದರೆ ಇವೆರಡರಲ್ಲಿಯೂ ಗಾಯವೆಂಬ ಕಾರಣವಿತ್ತು. ಕಾರಣ ಕಣ್ಣಿಗೆ ಕಾಣುವಂತಿದ್ದರೆ ಹೇಳುವವರ ನಾಲಿಗೆಯೂ ಅಷ್ಟು ಒಣಗುವುದಿಲ್ಲವೇನೋ. ಬಾಸ್ಟನ್‌ನಲ್ಲಿ ವ್ಯಾಗ್ನರ್ ಗಾಯಗೊಂಡು ಹೊರಗೆ ಕುಳಿತಿರಲಿಲ್ಲ. ಅದೇ ಮಂಜಿನ ಮೇಲೆ, ಅದೇ ಸಂಜೆ ಆಡಿ, ಹಿಂದೆ ಬಿದ್ದಿದ್ದಳು. ನಗಾಸುವಿಗೆ ಹೇಳಬೇಕಾಗಿದ್ದದ್ದು, ನೀನು ನಿನ್ನೆ ಗೆದ್ದೆ, ಆದರೆ ನಿನ್ನ ಕಳೆದ ವರ್ಷಗಳು ಸೋತವು ಎಂಬ ಮಾತನ್ನು. ಇಪ್ಪತ್ತು ವರ್ಷದ ಹುಡುಗಿಗೆ ಅದನ್ನು ಯಾವ ಧ್ವನಿಯಲ್ಲಿ ಹೇಳಬಹುದು ಎಂದು ಬಹಳ ಹೊತ್ತು ಯೋಚಿಸಿದೆ. ನನಗೆ ಒಂದು ವಾಕ್ಯವೂ ಹೊಳೆಯಲಿಲ್ಲ.

ಆಗ ಹಾಳೆಗಳಲ್ಲಿ ಇನ್ನೊಂದು ಸಂಗತಿ ಕಂಡಿತು. ಅಂಕಿಗಳೆಲ್ಲ ನನ್ನ ಕೈಬರಹದಲ್ಲಿಯೇ ಇದ್ದರೂ ನಾನು ಅವುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ. ಒಂದು ದೇಶ ಒಂದು ವಿಭಾಗದಲ್ಲಿ ಎಷ್ಟು ಮಂದಿಯನ್ನು ಕಳುಹಿಸಬಹುದು, ಅಂದರೆ ಅದಕ್ಕೆ ಎಷ್ಟು ಸ್ಥಾನ ಎಂಬುದು ಹಿಂದಿನ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತೀರ್ಮಾನವಾಗುತ್ತದೆ. ಆ ದೇಶದ ಅತ್ಯುತ್ತಮ ಇಬ್ಬರ ಸ್ಥಾನಗಳನ್ನು ಕೂಡಿದಾಗ ಮೊತ್ತ 13 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮೂರು ಸ್ಥಾನ, 28ರವರೆಗೆ ಬಂದರೆ ಎರಡು. 2013ರಲ್ಲಿ ವ್ಯಾಗ್ನರ್ ಐದನೆಯವಳು, ಗೋಲ್ಡ್ ಆರನೆಯವಳು, ಮೊತ್ತ 11. ಅಂದರೆ ಬಾಸ್ಟನ್‌ನಲ್ಲಿ ಹಂಚಲು ಮೂರನೆಯದೊಂದು ಸ್ಥಾನ ಇದ್ದುದೇ ಅವರಿಬ್ಬರಿಂದ. ಇದು ನನ್ನ ವಾದಕ್ಕೆ ಬಲ ಕೊಡುವ ಲೆಕ್ಕ ಎಂದುಕೊಂಡು ಮುಂದಿನ ಒಲಿಂಪಿಕ್ಸ್‌ನ ಹಾಳೆಯನ್ನು ತೆಗೆದೆ. 2017ರ ಹೆಲ್ಸಿಂಕಿಯಲ್ಲಿ ಕ್ಯಾರೆನ್ ಚೆನ್ ನಾಲ್ಕನೆಯವಳು, ವ್ಯಾಗ್ನರ್ ಏಳನೆಯವಳು. ಮೊತ್ತ ಮತ್ತೆ 11, ಮತ್ತೆ ಮೂರು ಸ್ಥಾನ. 2018ರ ಜನವರಿಯಲ್ಲಿ ಸ್ಯಾನ್ ಹೋಸೆಯ ರಾಷ್ಟ್ರೀಯ ಸ್ಪರ್ಧೆಯಲ್ಲಿ ಬ್ರೇಡಿ ಟೆನೆಲ್ ಮೊದಲು, ನಗಾಸು ಎರಡನೆಯವಳು, ಚೆನ್ ಮೂರನೆಯವಳು, ವ್ಯಾಗ್ನರ್ ನಾಲ್ಕನೆಯವಳು. ಈ ಸಲ ಸಮಿತಿ ಮೊದಲ ಮೂವರನ್ನೇ ಕಳುಹಿಸಿತು. ನಾಲ್ಕನೆಯ ಸ್ಥಾನದಿಂದ ಒಮ್ಮೆ ಒಲಿಂಪಿಕ್ಸ್‌ಗೆ ಹೋದವಳು, ಇನ್ನೊಮ್ಮೆ ತಾನೇ ತಂದುಕೊಟ್ಟ ಸ್ಥಾನವಿದ್ದೂ ನಾಲ್ಕನೆಯವಳಾಗಿಯೇ ಹೊರಗುಳಿದಳು.

ಪುರುಷರ ವಿಭಾಗದಲ್ಲಿ ಇದು ಇನ್ನೂ ಕಟುವಾಗಿದೆ. ಹೆಲ್ಸಿಂಕಿಯಲ್ಲಿ ನೇಥನ್ ಚೆನ್ ಆರನೆಯವನು, ಜೇಸನ್ ಬ್ರೌನ್ ಏಳನೆಯವನು. ಮೊತ್ತ ಸರಿಯಾಗಿ 13. ಬ್ರೌನ್ ಒಂದು ಸ್ಥಾನ ಕೆಳಗಿಳಿದಿದ್ದರೂ ದೇಶಕ್ಕೆ ಮೂರನೆಯ ಸ್ಥಾನ ಕೈತಪ್ಪುತ್ತಿತ್ತು. ಸ್ಯಾನ್ ಹೋಸೆಯಲ್ಲಿ ಅವನು ಆರನೆಯ ಸ್ಥಾನಕ್ಕೆ ಕುಸಿದು ತಂಡದಿಂದ ಹೊರಗುಳಿದ. ಅದೇ ಸ್ಪರ್ಧೆಯಲ್ಲಿ ರಾಸ್ ಮೈನರ್ ಬೆಳ್ಳಿ ಗೆದ್ದೂ ಆಯ್ಕೆಯಾಗಲಿಲ್ಲ. ಆ ಶರತ್ಕಾಲದ ಎರಡು ಗ್ರ್ಯಾನ್ ಪ್ರಿಗಳಲ್ಲಿಯೂ ಬೆಳ್ಳಿ ಗೆದ್ದಿದ್ದ, ಇಲ್ಲಿ ನಾಲ್ಕನೆಯವನಾದ ಆಡಮ್ ರಿಪ್ಪನ್ ಹೋದ. ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ, ಮಹಿಳೆಯರ ನಾಲ್ಕನೆಯವಳು ಉಳಿದಳು, ಪುರುಷರ ನಾಲ್ಕನೆಯವನು ಹೊರಟ. ಹಿಂದಿನ ಫಲಿತಾಂಶಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಎರಡು ತೀರ್ಮಾನಗಳಿಗೂ ಸಮರ್ಥನೆ ಸಿಗುತ್ತದೆ, ನಾನು ಅದನ್ನು ಇಂದಿಗೂ ಅಲ್ಲಗಳೆಯುವುದಿಲ್ಲ. ಆದರೆ ಸಮರ್ಥನೆ ಇರುವ ಮಾತನ್ನು ಕೇಳಿಸಿಕೊಳ್ಳುವುದು ಸುಲಭವೆಂದು ನಾನು ಇಷ್ಟು ವರ್ಷ ನಂಬಿದ್ದು ಹೇಗೆ?

ಸ್ಯಾನ್ ಹೋಸೆಯಲ್ಲಿ ವ್ಯಾಗ್ನರ್ ತನಗೆ ಸಿಕ್ಕ ಅಂಕಗಳ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ಹೇಳಿಕೊಂಡಳು. ಅದನ್ನು ಸೋತವಳ ಸಿಡುಕು ಎಂದವರ ಸಾಲಿನಲ್ಲಿ ಅಂದು ನಾನೂ ಇದ್ದೆ. ಈ ವಾರ ಆ ಅಭಿಪ್ರಾಯವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ತಾನು ತಂದ ಸ್ಥಾನ ತನ್ನದಲ್ಲ, ಅದು ದೇಶದ್ದು ಎಂಬ ನಿಯಮವನ್ನು ಅರಿತೇ ಇವರೆಲ್ಲ ಮಾರ್ಚ್ ತಿಂಗಳಲ್ಲಿ ಮಂಜಿಗೆ ಇಳಿಯುತ್ತಾರೆ. ಬಿದ್ದೆದ್ದು, ಕೊನೆಯ ಜಂಪನ್ನು ಬಿಡದೆ ಪೂರೈಸಿ, ಯಾರಿಗೋ ಒಂದು ಜಾಗ ಉಳಿಸಿಕೊಡುತ್ತಾರೆ. ಆ ಯಾರೋ ಒಬ್ಬರು ತಾನೇ ಆಗಬೇಕೆಂದು ಆಸೆಪಡುವುದರಲ್ಲಿ ಸಣ್ಣತನವೇನಿದೆ?

ತಂಗಿಯ ಮಗಳು ಎದ್ದ ಮೇಲೆ, ಬುಧವಾರ ಬೆಳಿಗ್ಗೆ, ನಗಾಸುವಿನ ಮುಂದಿನ ಕಥೆಯನ್ನು ಹೇಳಿದೆ. 2014ರ ನಂತರ ಅವಳು ಟ್ರಿಪಲ್ ಆಕ್ಸೆಲ್ ಕಲಿಯಲು ಹೊರಟಳು. ಉಳಿದ ಜಂಪ್‌ಗಳಿಗೆಲ್ಲ ಸ್ಕೇಟರ್ ಹಿಮ್ಮುಖವಾಗಿ ಚಿಮ್ಮಿದರೆ ಆಕ್ಸೆಲ್‌ಗೆ ಮಾತ್ರ ಮುಮ್ಮುಖವಾಗಿ ಚಿಮ್ಮಬೇಕು, ಆದ್ದರಿಂದ ಗಾಳಿಯಲ್ಲಿ ಮೂರೂವರೆ ಸುತ್ತು ತಿರುಗಬೇಕಾಗುತ್ತದೆ. ಇಪ್ಪತ್ತು ದಾಟಿದ ಮೇಲೆ ಆ ಜಂಪನ್ನು ಕೈಗೆತ್ತಿಕೊಳ್ಳುವ ಮಹಿಳೆಯರು ತೀರ ವಿರಳ. 2018ರ ಫೆಬ್ರವರಿಯಲ್ಲಿ, ದಕ್ಷಿಣ ಕೊರಿಯಾದಲ್ಲಿ ನಡೆದ ಒಲಿಂಪಿಕ್ಸ್‌ನ ತಂಡ ಸ್ಪರ್ಧೆಯಲ್ಲಿ, ಇಪ್ಪತ್ತನಾಲ್ಕು ವರ್ಷದ ನಗಾಸು ಅದನ್ನು ಚೊಕ್ಕವಾಗಿ ಇಳಿಸಿದಳು. ಒಲಿಂಪಿಕ್ಸ್‌ನಲ್ಲಿ ಆ ಜಂಪನ್ನು ಸಾಧಿಸಿದ ಮೊದಲ ಅಮೆರಿಕದ ಮಹಿಳೆಯಾದಳು. ತಂಡಕ್ಕೆ ಕಂಚು ಸಿಕ್ಕಿತು. ವಿಡಿಯೊವನ್ನೂ ತೋರಿಸಿದೆ. ಹುಡುಗಿ ಅದನ್ನು ಮೂರು ಸಲ ಹಾಕಿಸಿಕೊಂಡು ನೋಡಿದಳು, ಮೂರನೆಯ ಸಲ ಕೈಗಳನ್ನು ಎದೆಗೆ ಒತ್ತಿಕೊಂಡು ಕುರ್ಚಿಯಲ್ಲಿ ಕುಳಿತಲ್ಲೇ ತಾನೂ ಅರೆಸುತ್ತು ತಿರುಗಿದಳು. ಅವಳ ಪ್ರಶ್ನೆಗೆ ಇದು ಸಾಕಾದೀತೆಂದು ನಾನು ಆಸೆಪಟ್ಟೆ. ಆದರೆ ಕಥೆ ಸುಖವಾಗಿ ಮುಗಿಯಿತೆಂದು ಬಾಸ್ಟನ್ನಿನ ಆ ಭಾನುವಾರ ಹಗುರವಾಗುವುದಿಲ್ಲವೆಂದು ಹೇಳುತ್ತಿರುವಾಗಲೇ ನನಗೆ ತಿಳಿಯುತ್ತಿತ್ತು. ರಾಸ್ ಮೈನರ್‌ಗೆ ಅಂಥ ಇನ್ನೊಂದು ಫೆಬ್ರವರಿ ಬರಲಿಲ್ಲ.

ಈ ಋತುವಿನ ಹಾಳೆಗೆ ಹೊಸದೊಂದು ಸಾಲು ಬೇಕೆಂದು ಹಟ ಹಿಡಿದವಳು ಅವಳೇ. 'ಸ್ಥಾನ ತಂದುಕೊಟ್ಟವರು' ಎಂದು ಅದಕ್ಕೆ ಹೆಸರಿಟ್ಟು, ಪ್ರತಿ ವಿಭಾಗದ ನೆತ್ತಿಯ ಮೇಲೆ ಮನೆ ಬಿಡಿಸಿದ್ದೇವೆ. ಅಷ್ಟಕ್ಕೆ ಬಿಡದೆ ಹಳೆಯ ಹಾಳೆಗಳಿಗೂ ಅದನ್ನು ಸೇರಿಸಲು ಕುಳಿತಳು. 2014ರದರಲ್ಲಿ ವ್ಯಾಗ್ನರ್, ಗೋಲ್ಡ್ ಎಂದು ಪೆನ್ಸಿಲ್‌ನಿಂದ ಬರೆದಳು. 2018ರದರಲ್ಲಿ ಚೆನ್, ವ್ಯಾಗ್ನರ್ ಎಂದು ಬರೆದು, ಕೆಳಗಿನ ಆಯ್ಕೆಯಾದವರ ಸಾಲಿನ ಮೇಲೆ ಬೆರಳಾಡಿಸುತ್ತಾ ಎರಡನೆಯ ಹೆಸರನ್ನು ಹುಡುಕಿದಳು. ಅದು ಅಲ್ಲಿರಲಿಲ್ಲ.

"ದೊಡ್ಡಮ್ಮ, ಇವಳಿಗೆ ಹೇಳಿದವರು ಯಾರು?" ಎಂದಳು.