ರೋಬೋ ಇದ್ದಮೇಲೆ ಆ ಮನುಷ್ಯ ಯಾತಕ್ಕೆ?

ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ, ನನ್ನ ಕಾಫಿಯನ್ನು ಆರುವ ಮೊದಲೇ ಕುಡಿಯುತ್ತೇನೆ.

ನನ್ನ ಬ್ಯಾಗಿನಲ್ಲಿ ಸದಾ ಒಂದು ಪುಸ್ತಕ ಇರುತ್ತದೆ. ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಕಿತ್ತುಬಂದ ರಟ್ಟನ್ನು ಎರಡು ಸಲ ಅಂಟಿಸಿದ್ದೇನೆ. ಐಸಾಕ್ ಅಸಿಮೋವ್ ಬರೆದ ‘ದಿ ಕೇವ್ಸ್ ಆಫ್ ಸ್ಟೀಲ್’. 1953ರಲ್ಲಿ ಅಮೆರಿಕದ ‘ಗ್ಯಾಲಕ್ಸಿ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, 1954ರಲ್ಲಿ ಪುಸ್ತಕವಾಯಿತು. ನಾನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದಿ ಬೆಳೆದವನು. ಆ ಚಪಲವೇ ಇಲ್ಲಿಗೂ ಎಳೆದು ತಂದಿತು.

ಬಸ್ಸಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಯಾರಾದರೂ ‘ಏನ್ ಕಥೆ ಸಾರ್ ಅದು’ ಅನ್ನುತ್ತಾರೆ. ನಾನು ಹೇಳುತ್ತೇನೆ. ಎಷ್ಟೋ ಶತಮಾನ ಮುಂದಿನ ನ್ಯೂಯಾರ್ಕ್. ಎರಡು ಕೋಟಿ ಜನ ಉಕ್ಕಿನ ಸೂರಿನ ಕೆಳಗೆ, ಬಿಸಿಲು ಮಳೆ ಕಾಣದೆ ಬದುಕುತ್ತಾರೆ. ಊಟ ಸಾಮೂಹಿಕ ಅಡುಗೆಮನೆಯಲ್ಲಿ, ಅದೂ ಜಾಸ್ತಿ ಯೀಸ್ಟಿನದೇ. ಬೇರೆ ಗ್ರಹಗಳಿಂದ ಬಂದ ಸ್ಥಿತಿವಂತರು ಊರ ಪಕ್ಕದಲ್ಲೇ ಬೇರೆ ಬಡಾವಣೆ ಮಾಡಿಕೊಂಡಿದ್ದಾರೆ. ಅಲ್ಲೊಬ್ಬ ವಿಜ್ಞಾನಿಯ ಕೊಲೆಯಾಗುತ್ತದೆ. ತನಿಖೆಗೆ ಎಲಿಜಾ ಬೇಲಿ ಎಂಬ ಮಫ್ತಿ ಪೊಲೀಸ್. ಅವನಿಗೆ ಜೋಡಿಯಾಗಿ ಆ ಬಡಾವಣೆಯವರು ಕೊಟ್ಟವನು ಆರ್. ಡೇನೀಲ್ ಒಲಿವಾ. ಆ ‘ಆರ್’ ಅಂದರೆ ರೋಬೋ. ನೋಡಲು ಥೇಟ್ ಮನುಷ್ಯ. ಸತ್ತ ವಿಜ್ಞಾನಿಯದೇ ಮುಖ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಬಂದೇ ಬರುತ್ತದೆ: ‘ಅಲ್ಲಾ, ರೋಬೋ ಇದ್ದಮೇಲೆ ಆ ಮನುಷ್ಯ ಯಾತಕ್ಕೆ?’

ಈ ‘ಯಾತಕ್ಕೆ’ ಇದೆಯಲ್ಲ, ಅದು ನನಗೆ ಉರಿಸುತ್ತದೆ. ಅಟ್ಟದ ಮೇಲಿರುವ ಹಳೇ ಟೇಪ್ ರೆಕಾರ್ಡರ್ ತೋರಿಸಿ ‘ಇದ್ಯಾತಕ್ಕೆ ಇಟ್ಕೊಂಡಿದೀರಾ, ಗುಜರಿಗೆ ಹಾಕಬಾರದಾ’ ಅಂತ ಕೇಳುವ ದನಿ ಅದು. ಮನುಷ್ಯ ಇರುವಾಗ ರೋಬೋ ಯಾತಕ್ಕೆ ಅಂತ ಒಬ್ಬರೂ ಕೇಳಿಲ್ಲ. ಹಿಂದೆಯೇ ಕಾರಣಗಳೂ ಬರುತ್ತವೆ. ರೋಬೋಗೆ ನಿದ್ದೆ ಬೇಡ. ಮರೆವಿಲ್ಲ. ಲಂಚ ತಗೊಳ್ಳಲ್ಲ. ಮೂರನೆಯದಕ್ಕೆ ಸುತ್ತ ಇದ್ದವರೆಲ್ಲ ನಗುತ್ತಾರೆ. ನಾನೂ ನಗುತ್ತೇನೆ, ಬೇರೆ ದಾರಿಯಿಲ್ಲ.

ಚಿಕ್ಕ ಉತ್ತರ ಬೇಕಿದ್ದವರು ಇದನ್ನು ತೆಗೆದುಕೊಂಡು ಹೊರಡಬಹುದು: ನೀವು ಕೇಳುವ ಪ್ರಶ್ನೆಯನ್ನು ಬೇಲಿ ಮೊದಲ ಅಧ್ಯಾಯದಲ್ಲೇ ಕೇಳಿಕೊಂಡಿದ್ದಾನೆ, ನಿಮಗಿಂತ ಜಾಸ್ತಿ ಹೆದರಿಕೆಯಿಂದ. ಅವನ ಆಫೀಸಿನಲ್ಲಿ ಓಡಾಡಿಕೊಂಡಿದ್ದ ಹುಡುಗನ ಕೆಲಸವನ್ನು ಆರ್. ಸ್ಯಾಮಿ ಎಂಬ ರೋಬೋ ಆಗಲೇ ತಿಂದಿದೆ. ಬೇಲಿಯ ಅಪ್ಪ ದೊಡ್ಡ ಹುದ್ದೆಯಿಂದ ಬಿದ್ದು, ದರ್ಜೆ ಕಳಕೊಂಡು ಸತ್ತವನು. ಬೇಲಿ ಆಗ ಸಣ್ಣ ಹುಡುಗ. ಈಗ ಈ ಕೇಸನ್ನು ರೋಬೋ ಮೊದಲು ಬಿಡಿಸಿದರೆ ಬೇಲಿಯ ಗತಿಯೂ ಅಷ್ಟೇ. ಕಥೆಯ ಹೂರಣವೇ ಅದು. ಅದನ್ನು ಹೊಳೆಸಿದ್ದು ಕೂಡ ಅಸಿಮೋವ್ ಅಲ್ಲ, ಗ್ಯಾಲಕ್ಸಿಯ ಸಂಪಾದಕ ಹೊರೇಸ್ ಗೋಲ್ಡ್. ರೋಬೋಗಳು ಜನರ ಕೆಲಸ ಕಸಿದುಕೊಳ್ಳುವ ಕಾದಂಬರಿ ಬರಿ ಅಂದರೆ ಅಸಿಮೋವ್ ‘ತೀರಾ ಬೇಜಾರಿನ ವಿಷಯ’ ಅಂತ ಹಿಂದೇಟು ಹಾಕಿದ. ಹಾಗಿದ್ದರೆ ಒಂದು ಕೊಲೆ ಹಾಕು, ಪತ್ತೇದಾರನ ಪಕ್ಕ ರೋಬೋ ನಿಲ್ಲಿಸು, ಸೋತರೆ ಅವನ ಜಾಗ ಅದಕ್ಕೆ ಅಂದ ಗೋಲ್ಡ್. ಪತ್ರಿಕೆ ನಡೆಸುವವರಿಗೆ ಮಾತ್ರ ಹೊಳೆಯುವ ಕಿಲಾಡಿತನ.

ಇನ್ನೊಂದು ತಕರಾರಿಗೂ ಇಲ್ಲೇ ಉತ್ತರಿಸಿಬಿಡುತ್ತೇನೆ. ‘ರೋಬೋ ಸುಳ್ಳು ಹೇಳಲ್ಲ ಅಲ್ವಾ, ಅಷ್ಟು ಸಾಕಲ್ಲ.’ ಇದೇ ಜೋಡಿಯ ಮೇಲೆ ಅಸಿಮೋವ್ 1972ರಲ್ಲಿ ಒಂದು ಸಣ್ಣ ಕಥೆ ಬರೆದ. ಇಬ್ಬರು ಗಣಿತಜ್ಞರು, ಒಬ್ಬ ಹಣ್ಣು ಮುದುಕ, ಇನ್ನೊಬ್ಬ ಅವನಿಗಿಂತ ಬಹಳ ಚಿಕ್ಕವನು. ನನ್ನ ಸಿದ್ಧಾಂತವನ್ನು ಅವನು ಕದ್ದ ಅಂತ ಇಬ್ಬರೂ ಹೇಳುತ್ತಾರೆ. ಹೆಸರು ಅದಲು ಬದಲು ಮಾಡಿದರೆ ಎರಡೂ ಒಂದೇ ಕಥೆ. ಇಬ್ಬರ ರೋಬೋಗಳೂ ತಂತಮ್ಮ ಯಜಮಾನನ ಮಾತಿಗೆ ಸಾಕ್ಷಿ ಹೇಳುತ್ತವೆ. ಅಂದರೆ ಒಂದು ರೋಬೋ ಸುಳ್ಳು ಹೇಳುತ್ತಿದೆ, ಯಜಮಾನನ ಮಾನ ಉಳಿಸಲು. ಡೇನೀಲ್‌ಗೆ ಅದು ಬಿಡಿಸಲಾಗದ ಗಂಟು. ಬೇಲಿ ಬಿಡಿಸುತ್ತಾನೆ. ಹೇಗೆ ಅಂತ ಹೇಳಲ್ಲ, ಓದಿ. ದೊಡ್ಡವರು ಯಾರ ಹತ್ತಿರ ಸಲಹೆ ಕೇಳುತ್ತಾರೆ, ಯಾರ ಹತ್ತಿರ ಸತ್ತರೂ ಕೇಳಲ್ಲ ಅನ್ನುವುದು ನಮ್ಮ ಮನೆಗಳಲ್ಲಿ ಬೆಳೆದ ಯಾರಿಗಾದರೂ ಗೊತ್ತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಒಳ್ಳೆಯ ಲೇಖನ ಆಗುತ್ತಿತ್ತೇನೋ. ಆದರೆ ಈ ಪ್ರಶ್ನೆ ನನಗೆ ಯಾಕಿಷ್ಟು ಚುಚ್ಚುತ್ತದೆ ಅನ್ನುವುದನ್ನು ಹೇಳದಿದ್ದರೆ ಮೋಸವಾಗುತ್ತದೆ.

ಹೋದ ವರ್ಷ ತುಮಕೂರಿನಲ್ಲಿ ನೆಂಟರ ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಪಕ್ಕ ದೊಡ್ಡಮ್ಮನ ಅಳಿಯ ಕೂತಿದ್ದರು. ನನಗೆ ಭಾವ. ತಮಾಷೆ ಮಾಡುವುದು ಅವರ ಹಕ್ಕು, ಸಹಿಸಿಕೊಳ್ಳುವುದು ನನ್ನ ಕರ್ತವ್ಯ. ಪುಸ್ತಕ ನನ್ನ ತೊಡೆಯ ಮೇಲಿತ್ತು, ಇಡಲು ಬೇರೆ ಜಾಗ ಇರಲಿಲ್ಲ. ಕೋಸಂಬರಿ ಬರುವಷ್ಟರಲ್ಲಿ ಕಥೆ ಹೇಳಿಸಿಕೊಂಡರು. ಹುಳಿ ಬಂದಾಗ ಪ್ರಶ್ನೆ ಬಂತು. ನಾನು ಮೇಲಿನದೆಲ್ಲ ಹೇಳಿದೆ, ಗೋಲ್ಡ್, ಸ್ಯಾಮಿ, ಇಬ್ಬರು ಗಣಿತಜ್ಞರು. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಭಾವ ಅಂದರು: ‘ಅದೆಲ್ಲ ಸರಿ ಕಣಯ್ಯಾ. ನಿಮ್ಮ ಆಫೀಸಲ್ಲೂ ಈಗ ಎಲ್ಲಾ ಕಂಪ್ಯೂಟರೇ ನೋಡತ್ತಂತೆ? ನಿನಗೆ ಇನ್ನೂ ಸಂಬಳ ಕೊಡ್ತಾರಾ?’

ಸಾಲಿಗೆ ಸಾಲೇ ನಕ್ಕಿತು. ಬಡಿಸುತ್ತಿದ್ದ ಹುಡುಗನೂ ನಕ್ಕ.

ನನ್ನ ಕೆಲಸ ಹೇಳಿಬಿಡುತ್ತೇನೆ. ಒಂದು ವಿಮಾ ಕಂಪನಿಯ ಪರವಾಗಿ ಗಾಡಿಗಳ ಕ್ಲೇಮ್ ನಿಜವೋ ಸುಳ್ಳೋ ಅಂತ ನೋಡುವುದು. ಊರೂರು ತಿರುಗುವುದು, ಗ್ಯಾರೇಜಿನವರ ಹತ್ತಿರ ಮಾತಾಡುವುದು, ಎಫ್‌ಐಆರ್ ಓದುವುದು. ಪತ್ತೇದಾರಿಯ ಬಡ ತಮ್ಮ ಅನ್ನಿ. ಕೊಲೆ ಇಲ್ಲ, ಬಂಪರ್ ಇದೆ. ಮೂರು ವರ್ಷದಿಂದ ಜೊತೆಗೆ ಒಂದು ಸಾಫ್ಟ್‌ವೇರ್ ಬಂದಿದೆ. ನಾವು ‘ಸಿಸ್ಟಮ್’ ಅನ್ನುತ್ತೇವೆ. ಫೈಲ್ ನೋಡಿ ಹಸಿರು, ಹಳದಿ, ಕೆಂಪು ಹಾಕುತ್ತದೆ. ‘ಸಿಸ್ಟಮ್ ಕೆಂಪು ಹೊಡೆದಿದೆ’ ಅಂದರೆ ನಮ್ಮಲ್ಲಿ ಅರ್ಧ ಗುಂಡಿ ತೋಡಿದ ಹಾಗೆ.

ಭಾವನಿಗೆ ನಾನು ಅಲ್ಲೇ ಒಂದು ಕಥೆ ಹೇಳಬಹುದಿತ್ತು. ಸಿಸ್ಟಮ್ ಕೆಂಪು ಹೊಡೆದ ಬಡವನನ್ನು ನಾನು ಹೋಗಿ ಮಾತಾಡಿಸಿ ಉಳಿಸಿದ ಕಥೆ. ಅಂಥವು ಒಂದೆರಡು ಇವೆ, ಮದುವೆಮನೆಗಳಲ್ಲಿ ಚೆನ್ನಾಗಿ ಓಡುತ್ತವೆ. ಆದರೆ ಅವರು ನಕ್ಕಾಗ ನನಗೆ ನೆನಪಾದದ್ದು ಬೇರೆಯದು. ಅದಕ್ಕೇ ಬಾಯಿ ಕಟ್ಟಿತು.

ಮಧುಗಿರಿ ಕಡೆಯ ಒಬ್ಬ ತರಕಾರಿ ಸಾಗಿಸುವವನು. ಸಣ್ಣ ಗೂಡ್ಸ್ ಗಾಡಿ. ದನ ಅಡ್ಡ ಬಂತು, ತಪ್ಪಿಸಲು ಹೋಗಿ ಹುಣಸೆಮರಕ್ಕೆ ಗುದ್ದಿದೆ ಅಂತ ಕ್ಲೇಮ್. ನಾನು ಹೋಗುವಷ್ಟರಲ್ಲಿ ರಿಪೇರಿ ಮುಗಿದಿತ್ತು. ಫೋಟೋ ಇತ್ತು, ಬಿಲ್ ಇತ್ತು, ಗ್ಯಾರೇಜಿನ ಮೂಲೆಯಲ್ಲಿ ಹಳೇ ಬಂಪರೂ ಇತ್ತು. ಅವನು ಎಳನೀರು ಕೆತ್ತಿ ಕೊಟ್ಟ. ‘ತಪ್ಪು ನನ್ನದೇ ಸಾರ್, ಕಣ್ಣು ಮುಚ್ಚಿಹೋಗಿತ್ತು’ ಅಂದ. ತನ್ನ ತಪ್ಪು ತಾನೇ ಒಪ್ಪಿಕೊಳ್ಳುವವನು ಸುಳ್ಳು ಹೇಳಲ್ಲ ಅಂತ ಹದಿನೆಂಟು ವರ್ಷದ ಅನುಭವ ಹೇಳಿತು. ‘ಸಂಶಯ ಇಲ್ಲ’ ಅಂತ ರಿಪೋರ್ಟ್ ಬರೆದೆ.

ಸಿಸ್ಟಮ್ ಕೆಂಪು ಹೊಡೆಯಿತು. ಅದೇ ಫೋಟೋ ಎರಡು ವರ್ಷ ಹಿಂದೆ ಬೇರೆಯವನ ಕ್ಲೇಮಿನಲ್ಲಿ ಬಂದಿತ್ತು. ಗಾಜಿನ ಬಿರುಕು, ಮರದ ನೆರಳು, ಎಲ್ಲ ಅದೇ. ನಂಬರ್ ಪ್ಲೇಟ್ ಇದ್ದ ತುದಿಯನ್ನು ಮಾತ್ರ ಕತ್ತರಿಸಿದ್ದರು. ಎಳನೀರಿನ ರುಚಿಯನ್ನು ಮಾತ್ರ ನಾನು ಸರಿಯಾಗಿ ಗುರುತಿಸಿದ್ದೆ.

ಇಲ್ಲಿ ಬೇಲಿ ನನಗೆ ಆಸರೆಯಾಗುತ್ತಾನೆ. ಅವನನ್ನು ಬುದ್ಧಿವಂತ ಅಂದುಕೊಂಡವರು ಪುಸ್ತಕ ಓದಿಲ್ಲ. ಅವನು ಎಲ್ಲರೆದುರು ಎರಡು ಸಲ ತಪ್ಪು ಆರೋಪ ಹೊರಿಸುತ್ತಾನೆ, ಎರಡೂ ಸಲ ಪಕ್ಕದಲ್ಲಿರುವ ಡೇನೀಲ್ ಮೇಲೇ. ಮೊದಲನೇ ಸಲ: ನೀನು ರೋಬೋನೇ ಅಲ್ಲ, ಸತ್ತಿದ್ದಾನೆ ಅಂತ ಹೇಳುತ್ತಿರುವ ವಿಜ್ಞಾನಿಯೇ ನೀನು. ಡೇನೀಲ್ ಸುಮ್ನೆ ತನ್ನ ತೋಳು ಬಿಚ್ಚಿ ಒಳಗಿನ ಲೋಹ ತೋರಿಸುತ್ತಾನೆ. ಎರಡನೇ ಸಲ: ಕೊಂದವನು ನೀನೇ. ತಜ್ಞನೊಬ್ಬ ಬಂದು ಪರೀಕ್ಷೆ ಮಾಡಿ, ಮನುಷ್ಯನಿಗೆ ಹಾನಿ ಮಾಡುವುದು ಇವನಿಂದ ಸಾಧ್ಯವೇ ಇಲ್ಲ ಅನ್ನುತ್ತಾನೆ. ಇಷ್ಟಾದರೂ ಡೇನೀಲ್ ಮುನಿಸಿಕೊಳ್ಳುವುದಿಲ್ಲ. ಕೊನೆಯವರೆಗೂ ಜೊತೆಗೇ ಇರುತ್ತಾನೆ. ಮನುಷ್ಯ ಜೋಡಿಯಾಗಿದ್ದರೆ ವರ್ಗಾವಣೆ ಕೇಳುತ್ತಿದ್ದ.

ಡೇನೀಲೂ ತಪ್ಪದವನೇನಲ್ಲ. ಜನರ ಮಿದುಳನ್ನು ದೂರದಿಂದಲೇ ಓದಿ, ಇವನು ಕೊಲೆ ಮಾಡಬಲ್ಲನೋ ಇಲ್ಲವೋ ಹೇಳುವ ಶಕ್ತಿ ಅವನಿಗಿದೆ. ಆ ಅಳತೆ ಪೂರ್ತಿ ಸರಿಯಾಗಿತ್ತು, ಅದರಿಂದ ತೆಗೆದ ತೀರ್ಮಾನ ಪೂರ್ತಿ ತಪ್ಪಾಗಿತ್ತು. ಅದು ಹೇಗೆ ಸಾಧ್ಯ ಅನ್ನುವುದೇ ಕೊಲೆಯ ಕೀಲಿಕೈ.

(ಸುಮ್ನೆ ಒಂದು ಮಾತು. ನಾನು ಡೇನೀಲ್‌ನನ್ನು ‘ಅವನು’ ಅಂದರೆ ‘ಅದು ಅನ್ನಿ’ ಅಂತ ತಿದ್ದುವವರಿದ್ದಾರೆ. ಕನ್ನಡದಲ್ಲಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ಬಂದನೋ ಬಂದಿತೋ, ಕ್ರಿಯಾಪದ ಮುಗಿಯುವಷ್ಟರಲ್ಲಿ ತೀರ್ಮಾನ ಆಗಿರಬೇಕು. ಆದರೆ ನಾವು ಮಗುವನ್ನೂ ‘ಅದು ಅಳ್ತಿದೆ’ ಅನ್ನುತ್ತೇವಲ್ಲ. ಮೊದಲ ಪುಟಗಳಲ್ಲಿ ನನಗೂ ಅವನು ‘ಅದು’ ಆಗಿದ್ದ. ಯಾವ ಪುಟದಲ್ಲಿ ‘ಅವನು’ ಆದ ಅಂತ ಗುರುತು ಹಾಕಿಕೊಳ್ಳಬೇಕಿತ್ತು.)

ನನ್ನನ್ನು ಯಾರಾದರೂ ಬೇರೆ ಪ್ರಶ್ನೆ ಕೇಳಲಿ ಅಂತ ಆಸೆ. ಇಬ್ಬರಲ್ಲಿ ಯಾರು ಬೇಕು ಯಾರು ಬೇಡ ಅನ್ನುವುದಲ್ಲ. ಆ ರೋಬೋ ಆ ಮನುಷ್ಯನಿಂದ ಏನು ಕಲಿತ? ಒಬ್ಬರೂ ಕೇಳಿಲ್ಲವಾದ್ದರಿಂದ ನಾನೇ ಕೇಳಿ ನಾನೇ ಹೇಳುತ್ತೇನೆ.

ನಡುವೆ ಎಲ್ಲೋ ಬೇಲಿ ಅವನನ್ನು ನ್ಯಾಯ ಅಂದರೇನು ಅಂತ ಕೇಳುತ್ತಾನೆ. ಎಲ್ಲ ಕಾನೂನೂ ಜಾರಿಯಾದರೆ ಅದೇ ನ್ಯಾಯ ಅನ್ನುತ್ತಾನೆ ಡೇನೀಲ್. ಕಾನೂನೇ ಅನ್ಯಾಯದ್ದಾಗಿದ್ದರೆ? ಆ ಎರಡು ಮಾತು ಒಟ್ಟಿಗೆ ಕೂರುವುದೇ ಇಲ್ಲ ಅನ್ನುತ್ತಾನೆ. ಆಮೇಲೊಮ್ಮೆ ಬೇಲಿ ಅವನಿಗೆ ಬೈಬಲ್ಲಿನ ಕಥೆ ಹೇಳುತ್ತಾನೆ. ಹಾದರದಲ್ಲಿ ಸಿಕ್ಕ ಹೆಂಗಸು, ಕಲ್ಲು ಹಿಡಿದು ನಿಂತ ಜನ, ಪಾಪ ಮಾಡದವನು ಮೊದಲ ಕಲ್ಲು ಹಾಕಲಿ ಅನ್ನುವ ಯೇಸು, ಒಬ್ಬೊಬ್ಬರಾಗಿ ಜಾರಿಕೊಳ್ಳುವ ಜನ. ಡೇನೀಲ್‌ಗೆ ಅರ್ಥವಾಗುವುದಿಲ್ಲ. ಕಾನೂನಿನ ಪ್ರಕಾರ ಆಕೆಗೆ ಶಿಕ್ಷೆ ಆಗಬೇಕಿತ್ತಲ್ಲ ಅನ್ನುತ್ತಾನೆ. ಆದರೆ ಬಿಡುವುದಿಲ್ಲ. ತಲೆಯಲ್ಲಿ ಇಟ್ಟುಕೊಳ್ಳುತ್ತಾನೆ. ಕಡೆಯ ಪುಟದಲ್ಲಿ ತಪ್ಪಿತಸ್ಥ ಎದುರು ನಿಂತಾಗ ಯೇಸು ಆಕೆಗೆ ಹೇಳಿದ ಮಾತನ್ನೇ ಅವನಿಗೆ ಹೇಳುತ್ತಾನೆ: ಹೋಗು, ಇನ್ನು ಪಾಪ ಮಾಡಬೇಡ.

ನಾನು ಅಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಮೆಜೆಸ್ಟಿಕ್‌ನಲ್ಲಿ ಇಳಿಯುವುದು ತಪ್ಪಿಹೋಯಿತು.

1985ರ ಕಾದಂಬರಿಯಲ್ಲಿ ಬೇಲಿ ಸಾಯುವಾಗ ಡೇನೀಲ್ ಹತ್ತಿರವೇ ಇರುತ್ತಾನೆ. ಆಮೇಲೆ ಅವನು ಇಪ್ಪತ್ತು ಸಾವಿರ ವರ್ಷ ಬಾಳುತ್ತಾನೆ. ಅಷ್ಟು ದೂರ ನಾನು ಹೋಗಲ್ಲ, ನನಗೆ ಮಧುಗಿರಿಯೇ ಸಾಕು.

ತರಕಾರಿಯವನನ್ನು ಮತ್ತೆ ನೋಡಲು ಹೋದೆ. ಈ ಸಲ ಎಳನೀರು ಇರಲಿಲ್ಲ. ಮರಕ್ಕೆ ಗುದ್ದಿದ್ದು ನಿಜವಂತೆ, ಬರೀ ಲೈಟ್ ಒಡೆದಿತ್ತಂತೆ, ದೊಡ್ಡ ಫೋಟೋ ಗ್ಯಾರೇಜಿನವನು ಕೊಟ್ಟನಂತೆ. ನಿಜವೋ ಏನೋ, ನನ್ನ ಮೂಗಿನ ಮೇಲೆ ನನಗೇ ಭರವಸೆ ಹೋಗಿತ್ತು. ಕ್ಲೇಮ್ ತಿರಸ್ಕಾರವಾಯಿತು. ಆಗಲೇಬೇಕಿತ್ತು. ಸಿಸ್ಟಮ್‌ನಲ್ಲಿ ಕಡೆಗೊಂದು ಸಾಲು ಇರುತ್ತದೆ: ಪೊಲೀಸ್ ದೂರಿಗೆ ಶಿಫಾರಸು ಮಾಡುತ್ತೀರಾ, ಹೌದು ಅಥವಾ ಇಲ್ಲ. ನಾನು ‘ಇಲ್ಲ’ ಒತ್ತಿದೆ. ಅದರ ಕೆಳಗೆ ಕಾರಣ ಬರೆಯಲು ಒಂದು ಚೌಕ. ತುಂಬದಿದ್ದರೂ ನಡೆಯುತ್ತದೆ.

ಡೇನೀಲ್ ಆಗಿದ್ದರೆ ‘ಯಾಕೆ’ ಅಂತ ಕೇಳುತ್ತಿದ್ದ. ಅರ್ಥವಾಗದಿದ್ದರೆ ಇನ್ನೊಂದು ಸಲ ಕೇಳುತ್ತಿದ್ದ. ನಾನು ಖಾಲಿ ಚೌಕ ನೋಡುತ್ತಾ ಒಂದು ನಿಮಿಷ ಕೂತೆ, ಆಮೇಲೆ ಸಬ್ಮಿಟ್ ಒತ್ತಿದೆ. ಹಸಿರು ಟಿಕ್ ಬಂತು. ಮುಂದಿನ ಫೈಲ್ ತೆರೆದುಕೊಂಡಿತು. ಬೈಕ್ ಕಳವು, ದಾವಣಗೆರೆ.